ಟ್ಯೂಬು ಹಿಂಡಿದರೆ ಗ್ಯಾಸ್ಕೆಟ್ ಆಗುವುದಿಲ್ಲ

ನಮಸ್ಕಾರ. ಇವತ್ತು ಸ್ವಲ್ಪ ಬೈಯೋಣ ಅಂತಲೇ ಮೈಕ್ ಮುಂದೆ ಕೂತಿದ್ದೇನೆ. ಯಾರನ್ನೋ ಅಲ್ಲ, ಸೋರುವ ಸಂದಿಗೆ ಹಿಂಡಿ ಬಳಿಯುತ್ತಾರಲ್ಲ, ಆ ಸಿಲಿಕೋನ್ ಟ್ಯೂಬನ್ನು. ಹಳೇ ಇಂಜಿನ್ ಇಟ್ಟುಕೊಂಡವರ ಟೂಲ್ ಬಾಕ್ಸಿನಲ್ಲಿ ಬೇರೆ ಏನಿಲ್ಲದಿದ್ದರೂ ಅದೊಂದು ಇರುತ್ತದೆ. ಎಲ್ಲಿ ಸೋರಿದರೂ ಅದೇ ಮದ್ದು. ಗಾಳಿ-ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರುಗಳಿಗೆ ಒಯ್ಯುವ ಕೊಳವೆ ಇಂಟೇಕ್ ಮ್ಯಾನಿಫೋಲ್ಡ್. ಅದು ಇಂಜಿನ್ನಿಗೆ ಕೂರುವಲ್ಲಿ ಸಂದು ಮುಚ್ಚುವ ತೆಳು ಹಾಳೆ ಗ್ಯಾಸ್ಕೆಟ್. ಆ ಗ್ಯಾಸ್ಕೆಟ್ಟಿಗೂ ಅದನ್ನೇ ಬಳಿಯುತ್ತಾರೆ ನೋಡಿ, ಅಲ್ಲಿ ನನ್ನ ತಕರಾರು.

ನಾನೂ ಬಳಿದವನೇ. ಅದಕ್ಕೇ ಇಷ್ಟು ಸಿಟ್ಟು.

ನನ್ನ ಹತ್ತಿರ ನಾಲ್ಕು ಸಿಲಿಂಡರಿನ ಹಳೇ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಗಾಡಿ ಒಂದಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಐಡಲಿಂಗ್, ಅಂದರೆ ನಿಂತಲ್ಲೇ ಓಡುವ ವೇಗ, ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೇಲಕ್ಕೆ ಹೋಗುವುದು, ಇಳಿಯುವುದು, ಆಫ್ ಆಗುವುದು. ಬಿಸಿಯಾದ ಮೇಲೆ ಸ್ವಲ್ಪ ಪರವಾಗಿಲ್ಲ. ಚೋಕ್ ಅರ್ಧ ಎಳೆದರೆ ಮಾತ್ರ ಜಾಣ ಮಗುವಿನ ಹಾಗೆ ಓಡುತ್ತಿತ್ತು. ಆಗಲೇ ನನಗೆ ಹೊಳೆಯಬೇಕಿತ್ತು. ಚೋಕ್ ಎಳೆದಾಗ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಅದರಿಂದ ಸರಿಹೋಗುತ್ತದೆ ಅಂದರೆ, ಎಲ್ಲಿಂದಲೋ ಕದ್ದು ಗಾಳಿ ಒಳಗೆ ಬರುತ್ತಿದೆ ಅಂತ ತಾನೇ?

ನಾನು ಮಾಡಿದ್ದೇನು? ಕಾರ್ಬ್ಯುರೇಟರ್ ಬಿಚ್ಚಿದೆ. ಎರಡು ಸಲ. ಪೆಟ್ರೋಲ್ ಬರುವ ಸಣ್ಣ ತೂತು (ಜೆಟ್) ಊದಿದೆ, ಮಿಶ್ರಣ ಹೊಂದಿಸುವ ಸ್ಕ್ರೂ ತಿರುಗಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕೊನೆಗೆ ಉಪಯೋಗಕ್ಕೆ ಬಂದದ್ದು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ. ಇಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡ್ ಹೆಡ್ಡಿಗೆ (ಸಿಲಿಂಡರುಗಳ ಮುಚ್ಚಳಕ್ಕೆ) ಕೂರುವ ಗೆರೆಯ ಉದ್ದಕ್ಕೂ ಸ್ವಲ್ಪ ಸ್ವಲ್ಪ ನೀರು ಹೊಡೆಯುತ್ತಾ ಹೋದೆ. ನಾಲ್ಕನೇ ಸಿಲಿಂಡರಿನ ಹತ್ತಿರ ಬಂದಾಗ ಸುಯ್ ಅನ್ನುವ ಸದ್ದು ನಿಂತು ಇಂಜಿನ್ ಒಂದು ಕ್ಷಣ ಸಮನಾಯಿತು. ಅಷ್ಟೇ, ಕಳ್ಳ ಸಿಕ್ಕಿದ. ಇದಕ್ಕೆ ಬೇಗ ಬೆಂಕಿ ಹತ್ತುವ ಕಾರ್ಬ್ ಕ್ಲೀನರ್ ಹೊಡೆಯುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಇಂಥ ಎಷ್ಟೋ ಇಂಜಿನ್‌ಗಳಲ್ಲಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸರಿಯಾಗಿ ಅದರ ಕೆಳಗೇ ಇರುತ್ತದೆ, ಕಾದು ಕೆಂಡವಾಗಿ. ಸುಮ್ನೆ ಬೆಂಕಿ ಜೊತೆ ಆಟ ಯಾಕೆ? ಮ್ಯಾನಿಫೋಲ್ಡಿನ ಒಳಗಿನ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಆರೋಗ್ಯವಾಗಿರುವ ಇಂಜಿನ್ ಐಡಲಿಂಗಿನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ಎತ್ತರದ ಊರಾದರೆ ಸ್ವಲ್ಪ ಕಮ್ಮಿ. ಮುಳ್ಳು ಅದಕ್ಕಿಂತ ತುಂಬಾ ಕೆಳಗೆ ಅಲ್ಲಾಡದೆ ನಿಂತಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಸರಿ, ಹೊಸ ಗ್ಯಾಸ್ಕೆಟ್ ತಂದೆ. ಗಟ್ಟಿಯಾಗಲಿ ಅಂತ ಎರಡೂ ಕಡೆ ದಪ್ಪಗೆ ಸಿಲಿಕೋನ್ ಬಳಿದು ಬಿಗಿದೆ. ಮೂರು ವಾರ ಚೆನ್ನಾಗಿತ್ತು. ಆಮೇಲೆ ಅದೇ ರಾಗ, ಅದೇ ಹಾಡು. ಬಿಚ್ಚಿ ನೋಡಿದರೆ ಮಿಶ್ರಣ ಒಳಹೋಗುವ ತೂತಿನ (ಪೋರ್ಟಿನ) ಒಳಗೆ ಊದಿಕೊಂಡ ರಬ್ಬರಿನ ಎಳೆ ನೇತಾಡುತ್ತಿದೆ. ಉಗುರಿನಿಂದ ಎಳೆದರೆ ಮೆತ್ತಗೆ ಕಿತ್ತು ಬಂತು. ಗ್ಯಾಸ್ಕೆಟ್ ಎರಡು ಮಿಲಿಮೀಟರ್ ಕೆಳಗೆ ಜಾರಿ ಕೂತಿತ್ತು. ಸಾಧಾರಣ ಸಿಲಿಕೋನ್ ಪೆಟ್ರೋಲಿಗೆ ತಡೆಯುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ. ಹಸಿಯಾಗಿದ್ದಾಗ ಅದು ಗ್ರೀಸ್ ಇದ್ದ ಹಾಗೆ. ಬೋಲ್ಟ್ ಬಿಗಿಯುವಾಗ ಗ್ಯಾಸ್ಕೆಟ್ಟನ್ನೇ ಪಕ್ಕಕ್ಕೆ ಜಾರಿಸುತ್ತದೆ. ಹಿಡಿದುಕೊಳ್ಳಲಿ ಅಂತ ಹಾಕಿದ್ದೇ ಜಾರಿಸಿತು.

ಹಾಗಂತ ಸಿಲಿಕೋನಿಗೆ ಜಾಗವೇ ಇಲ್ಲ ಅಂತಲ್ಲ. ವಿ ಆಕಾರದ ಹಳೇ ಇಂಜಿನ್ ಇದ್ದರೆ, ಎರಡು ಹೆಡ್‌ಗಳ ನಡುವಿನ ಕಣಿವೆಯ ಹಿಂದೆ ಮುಂದೆ ಬ್ಲಾಕಿನ ಅಂಚು ಇರುತ್ತದಲ್ಲ, ಅಲ್ಲಿ ಬೇಕು. ಗ್ಯಾಸ್ಕೆಟ್ ಪೊಟ್ಟಣದಲ್ಲಿ ಬರುವ ಕಾರ್ಕ್ ಪಟ್ಟಿ ಬಿಗಿಯುವಾಗ ಹೊರಗೆ ಜಾರುವುದೇ ಜಾಸ್ತಿ. ಅದನ್ನು ಬಿಟ್ಟು, ಸುಮಾರು 6 ಮಿ.ಮೀ. ದಪ್ಪದ ಸಿಲಿಕೋನ್ ಎಳೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಡಿಯದೆ ಎಳೆಯುವುದು ನನಗೆ ಮೇಲು. ಅಲ್ಲಿ ತಗಲುವುದು ಆಯಿಲ್, ಪೆಟ್ರೋಲ್ ಅಲ್ಲ. ಆದರೂ ಅತಿ ಮಾಡಬೇಡಿ. ಒಳಗೆ ಉಬ್ಬಿ ನಿಂತ ತುಂಡು ಕಿತ್ತು ಕೆಳಗಿನ ಆಯಿಲ್ ತೊಟ್ಟಿಗೆ (ಸಂಪ್) ಬಿದ್ದರೆ ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬೇರಿಂಗಿನ ಖರ್ಚು ನಿಮ್ಮದು. ಇನ್ನೊಂದು, ಕೆಲವು ಬೋಲ್ಟ್ ಇಂಜಿನ್ ತಂಪಿಡುವ ಕೂಲಂಟ್ ಇರುವ ಜಾಗಕ್ಕೋ ಆಯಿಲ್ ಇರುವ ಜಾಗಕ್ಕೋ ತೂರಿಕೊಂಡಿರುತ್ತವೆ. ಅವುಗಳ ಸುರುಳಿ ಮರೆಗೆ (ಥ್ರೆಡ್ಡಿಗೆ) ಸೋರದಂತೆ ತಡೆಯುವ ಥ್ರೆಡ್ ಸೀಲಂಟ್ ಹಚ್ಚಬೇಕು. ಇದನ್ನು ಮರೆತು ಗ್ಯಾಸ್ಕೆಟ್ ಕಂಪನಿಯನ್ನು ಬೈದವರು ಎಷ್ಟು ಜನವೋ.

ಇಷ್ಟೆಲ್ಲಾ ಆದ ಮೇಲೆ ನನಗೆ ಅರ್ಥವಾದದ್ದು, ಈ ಕೆಲಸದಲ್ಲಿ ಗ್ಯಾಸ್ಕೆಟ್ ಹಾಕುವುದು ಹತ್ತು ನಿಮಿಷ, ಕೆರೆಯುವುದು ಎರಡು ಗಂಟೆ. ಮನಸ್ಸಿಗೆ ಬೇಜಾರಾಗುವುದು ಆ ಎರಡು ಗಂಟೆಗೇ. ಹಳೇ ಗ್ಯಾಸ್ಕೆಟ್ ಸುಟ್ಟು ಹಪ್ಪಳದ ಹಾಗೆ ಅಂಟಿಕೊಂಡಿರುತ್ತದೆ. ಕೈ ಸೋತು ಡ್ರಿಲ್ಲಿಗೆ ಉಜ್ಜುವ ಡಿಸ್ಕ್ ಸಿಕ್ಕಿಸೋಣ ಅನ್ನಿಸುತ್ತದೆ. ಬೇಡ ಮಾರಾಯ್ರೇ. ಅದರಿಂದ ಉದುರುವ ಪುಡಿ ಅಲ್ಯುಮಿನಿಯಂ ಆಕ್ಸೈಡ್, ಮರಳಿಗಿಂತ ಗಟ್ಟಿ. ಆಯಿಲ್ ಜೊತೆ ಸೇರಿದರೆ ಬೇರಿಂಗನ್ನು ತಿಂದು ಹಾಕುತ್ತದೆ. ಹೆಡ್ ಅಲ್ಯುಮಿನಿಯಂ ಆದರೆ ಡಿಸ್ಕ್ ಅದನ್ನೂ ಅಲ್ಲಲ್ಲಿ ತಗ್ಗು ಮಾಡುತ್ತದೆ. ಪ್ಲಾಸ್ಟಿಕ್ ಇಲ್ಲವೇ ಹಿತ್ತಾಳೆ ಕೆರೆಯುವ ಪಟ್ಟಿ ಹಿಡಿದು ಕೂತುಕೊಳ್ಳಿ, ರೇಡಿಯೋ ಹಾಕಿಕೊಳ್ಳಿ. ಪೋರ್ಟುಗಳಿಗೆ ಬಟ್ಟೆ ತುರುಕಿ, ತುರುಕುವಾಗ ಎಣಿಸಿ, ತೆಗೆಯುವಾಗಲೂ ಎಣಿಸಿ. ಕೊನೆಗೆ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಲೆ ಬರಬಾರದು.

ಆಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡು (ಫೀಲರ್ ಗೇಜ್) ತೂರಿಸಿ ನೋಡಿ. ಎಷ್ಟೋ ಮ್ಯಾನುಯಲ್‌ಗಳಲ್ಲಿ ಮಿತಿ 0.1 ಮಿ.ಮೀ. ಆಸುಪಾಸು. ಅದಕ್ಕಿಂತ ಜಾಸ್ತಿ ಸೊಟ್ಟಗಿದ್ದರೆ ಯಾವ ಗ್ಯಾಸ್ಕೆಟ್ಟೂ ಬದುಕಿಸುವುದಿಲ್ಲ, ಲೇತ್ ವರ್ಕ್‌ಶಾಪಿಗೆ ಹೋಗಲೇಬೇಕು.

ಎಲ್ಲ ಸರಿಯಾಗಿದ್ದರೂ ಹಳೇ ಗ್ಯಾಸ್ಕೆಟ್ ಯಾಕೆ ಹೋಗುತ್ತದೆ ಅಂತ ಕೇಳುತ್ತಾರೆ. ಮ್ಯಾನಿಫೋಲ್ಡ್ ಅಲ್ಯುಮಿನಿಯಂ, ಹೆಡ್ ಬೀಡು ಕಬ್ಬಿಣ ಅಂತಿಟ್ಟುಕೊಳ್ಳಿ. ಅರ್ಧ ಮೀಟರ್ ಉದ್ದದ ಅಲ್ಯುಮಿನಿಯಂ 80 ಡಿಗ್ರಿ ಬಿಸಿಯೇರಿದರೆ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ. ಬೀಡು ಅದರ ಅರ್ಧ ಮಾತ್ರ. ಪ್ರತಿ ಸಲ ಗಾಡಿ ಓಡಿಸಿದಾಗಲೂ ಇವೆರಡರ ನಡುವೆ ಸಿಕ್ಕ ಗ್ಯಾಸ್ಕೆಟ್ ಹಾಗೇ ಉಜ್ಜಿಕೊಳ್ಳುತ್ತದೆ. ಇಪ್ಪತ್ತು ವರ್ಷ ತಡೆದದ್ದೇ ದೊಡ್ಡದು.

ಬಿಗಿಯುವಾಗ ನಡುವಿನ ಬೋಲ್ಟಿನಿಂದ ಶುರು ಮಾಡಿ ತುದಿಗೆ ಹೋಗಿ, ಒಂದೇ ಸಲ ಪೂರ್ತಿ ಬಿಗಿಯದೆ ಮೂರು ಸುತ್ತಿನಲ್ಲಿ. 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸು ಸಾಕು. ಸರಿಯಾದ ಅಂಕಿ ನಿಮ್ಮ ಇಂಜಿನ್ನಿನ ಮ್ಯಾನುಯಲ್‌ನಲ್ಲಿ ಇರುತ್ತದೆ. ಕೈಯಂದಾಜು ನನಗೂ ಇದೆ ಅಂತ ನಾನೂ ಅಂದುಕೊಂಡಿದ್ದೆ, ಒಂದು ಬೋಲ್ಟಿನ ಮರೆ ಹೋಗುವ ತನಕ.

ಎರಡನೇ ಸಲ ಇದನ್ನೆಲ್ಲ ಮಾಡಿದೆ. ಗ್ಯಾಸ್ಕೆಟ್ಟನ್ನು ಹಾಗೇ ಹಾಕಿದೆ, ಏನೂ ಬಳಿಯಲಿಲ್ಲ. ಸ್ಟಾರ್ಟ್ ಮಾಡಿದರೆ ಐಡಲಿಂಗ್ ಅಲ್ಲಾಡಲಿಲ್ಲ, ಸರಿ, ಆದರೆ ಸೈಲೆನ್ಸರಿನಿಂದ ಕಪ್ಪು ಹೊಗೆ. ಗಾಬರಿಯಾಯಿತು. ಆಮೇಲೆ ನೆನಪಾಯಿತು, ಲೀಕ್ ಮುಚ್ಚಿಡಲು ಮಿಕ್ಸ್‌ಚರ್ ಸ್ಕ್ರೂ ತಿರುಗಿಸಿ ತಿರುಗಿಸಿ ಪೆಟ್ರೋಲ್ ಜಾಸ್ತಿ ಮಾಡಿಟ್ಟವನು ನಾನೇ. ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತಂದೆ. ಮೊದಲು ಎಲ್ಲಿತ್ತೋ ಅಲ್ಲಿಗೇ.