ಮಾಂಟೆರೆಯ ನೀರಿನಡಿ ಗ್ರೀನ್‌ಲಿಂಗ್ ಗುರುತಿಸುವುದು

ಈ ವಿಡಿಯೊದಲ್ಲಿ ಕಾಣುತ್ತಿರುವುದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿ. ಇಲ್ಲಿ ಗ್ರೀನ್‌ಲಿಂಗ್ ಎಂಬ ಮೀನುಗಳನ್ನು ಗುರುತಿಸೋಣ. ಮೇಲಿಂದ ಇಳಿಬಿದ್ದಿರುವುದೆಲ್ಲ ಕೆಲ್ಪ್ ಎಂಬ ಕಡಲಪಾಚಿ. ಬಲಗಡೆ ನೋಡಿ, ಬಂಡೆಯ ಮೇಲೆ ಎದೆಯ ಈಜುರೆಕ್ಕೆಗಳನ್ನು ಊರಿ ಕುಳಿತಿರುವುದು ಗಂಡು ಕೆಲ್ಪ್ ಗ್ರೀನ್‌ಲಿಂಗ್. ತಲೆ ಮತ್ತು ಹೆಗಲ ಭಾಗದಲ್ಲಿ ನೀಲಿ ಚುಕ್ಕೆಗಳು, ಸುತ್ತ ಕಂದುಗೆಂಪು ಅಂಚು. ಅದರ ಹಿಂದೆ ಮೈತುಂಬ ಹೊಂಬಣ್ಣದ ಚುಕ್ಕೆ ಹೊತ್ತು ಸರಿದುಹೋಗುತ್ತಿರುವುದು ಹೆಣ್ಣು. ಬೇರೆ ಜಾತಿ ಎಂದುಕೊಳ್ಳಬೇಡಿ, ಎರಡೂ ಒಂದೇ.

ಈಗ ಚಿತ್ರ ಕಪ್ಪಾಯಿತಲ್ಲ, ಅದು ಟಾರ್ಚಿನ ಪ್ರತಾಪ. ಬಾಡಿಗೆಗೆ ಕೊಟ್ಟವರು ಪೂರ್ತಿ ಚಾರ್ಜ್ ಆಗಿದೆ ಎಂದಿದ್ದರು. ಇಳಿದ ಸ್ವಲ್ಪ ಹೊತ್ತಿಗೇ ಮಿಣುಕತೊಡಗಿತು, ಆಮೇಲೆ ಆರಿಯೇ ಹೋಯಿತು. ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಮೀನು ಗುರುತಿಸಲು ಹೋಗುವವರಿಗೆ ಟಾರ್ಚ್ ಅಲಂಕಾರದ ವಸ್ತುವಲ್ಲ. ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು. ಕೆಲವೇ ಮೀಟರ್ ಇಳಿದರೆ ಕೆಂಪೆಲ್ಲ ಮಾಸಲು ಕಂದಾಗಿ ಕಾಣುತ್ತದೆ. ಗ್ರೀನ್‌ಲಿಂಗ್‌ನ ಇನ್ನೊಂದು ಜಾತಿಯಾದ ಪೇಂಟೆಡ್ ಗ್ರೀನ್‌ಲಿಂಗ್‌ನ ಮೈಮೇಲಿನ ಕೆಂಪು ಅಡ್ಡಪಟ್ಟಿಗಳನ್ನು ತೋರಿಸಬೇಕೆಂದೇ ಬಂದಿದ್ದೆ. ನಿಮಗೆ ಕಾಣುತ್ತಿರುವುದು ಬೂದಿ ಬಣ್ಣದ ಮೇಲೆ ಕಪ್ಪು ಗೆರೆ! ಹಣ ವಾಪಸು ಕೊಟ್ಟರು, ಸರಿ. ಆದರೆ ಆ ಬಣ್ಣವನ್ನು ಯಾರು ಕೊಡುತ್ತಾರೆ?

ಅದಕ್ಕೇ ಹೇಳುತ್ತೇನೆ, ಬಣ್ಣವನ್ನು ನಂಬಲೇಬೇಡಿ. ಆಕಾರ ನೋಡಿ, ನಡವಳಿಕೆ ನೋಡಿ. ಪೇಂಟೆಡ್ ಗ್ರೀನ್‌ಲಿಂಗ್ ಚಿಕ್ಕದು, ಮೂತಿ ಚೂಪು. ಅದೋ, ಮೇಲೆ ತೇಲುತ್ತ ನಿಂತಿರುವವು ರಾಕ್‌ಫಿಶ್‌ಗಳು. ಅವಕ್ಕೆ ಗಾಳಿಚೀಲವಿದೆ, ನಡುನೀರಿನಲ್ಲಿ ಆರಾಮವಾಗಿ ನಿಲ್ಲುತ್ತವೆ. ಗ್ರೀನ್‌ಲಿಂಗ್‌ಗೆ ಅದಿಲ್ಲ, ಈಜು ನಿಲ್ಲಿಸಿದರೆ ಕೆಳಗಿಳಿಯುತ್ತದೆ. ಕೆಲ್ಪ್ ಗ್ರೀನ್‌ಲಿಂಗ್‌ಗೆ ಪ್ರತಿ ಬದಿಯಲ್ಲೂ ಐದು ಪಾರ್ಶ್ವರೇಖೆಗಳಿವೆ (ನೀರಿನ ಅಲುಗಾಟವನ್ನು ಅರಿಯುವ ಗೆರೆಗಳು) ಎಂದು ಪುಸ್ತಕಗಳು ಹೇಳುತ್ತವೆ. ನಿಜ, ಆದರೆ ಓಡುವ ಮೀನಿನ ಮೇಲೆ ಅವನ್ನು ಎಣಿಸಲಾಗದು.

ಬಣ್ಣ ಬೇಡವೆಂದೆನಲ್ಲ, ಆ ನೀಲಿ ಚುಕ್ಕೆಯ ಗಂಡಿನ ಮಟ್ಟಿಗೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದನ್ನು ಬಣ್ಣದಿಂದಲೇ ಹಿಡಿಯಬೇಕು. ನೀಲಿ ಅಷ್ಟು ಬೇಗ ಮಾಯವಾಗುವುದಿಲ್ಲ.

ಬಿರುಕಿನೊಳಗೆ ಇರುವುದು ಲಿಂಗ್‌ಕಾಡ್, ಇದೇ ಕುಟುಂಬದ ದೈತ್ಯ, ಒಂದೂವರೆ ಮೀಟರ್‌ವರೆಗೂ ಬೆಳೆಯುತ್ತದೆ. ಆ ಬಾಯಿ, ಆ ಹಲ್ಲು ಕಂಡ ಮೇಲೆ ಅನುಮಾನವೇ ಉಳಿಯದು. ಚಳಿಗಾಲದಲ್ಲಿ ಗಂಡು ಮೊಟ್ಟೆಗಳ ರಾಶಿಯನ್ನು ಕಾಯುತ್ತ ಕೂರುತ್ತದೆ. ಆಗ ದಯವಿಟ್ಟು ಹತ್ತಿರ ಹೋಗಬೇಡಿ. ಅದನ್ನು ಅಲ್ಲಿಂದ ಎಬ್ಬಿಸಿದರೆ ಬೇರೆ ಮೀನುಗಳು ಮೊಟ್ಟೆ ತಿಂದು ಮುಗಿಸುತ್ತವೆ. ಕ್ಯಾಮೆರಾ ಹಿಡಿದವರು ಕಾವಲು ಮೀನಿನ ಮುಖಕ್ಕೆ ಲೈಟ್ ಹೊಡೆಯುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ಅಯ್ಯೋ, ಶಾಟ್ ಮುಗಿಯುತ್ತಿದೆ. ಎಡಗಡೆ ಬೇಗ ನೋಡಿ, ಹುರುಪೆಯಿಲ್ಲದ ಮೈ, ಮೂತಿಯ ನಡುವೆ ಚರ್ಮದ ಪುಟ್ಟ ಎಸಳು. ಇದು ಗ್ರೀನ್‌ಲಿಂಗ್ ಅಲ್ಲ, ಕ್ಯಾಬೆಜಾನ್ ಎಂಬ ಬೇರೆಯೇ ಮೀನು.