ಬಸ್ಸಿಗೆ ಇನ್ನೂ ನಾಲ್ಕು ಗಂಟೆ ಇದ್ದಾಗ

ಕೇಳುಗರಿಗೆ ನಮಸ್ಕಾರ.

ನಮ್ಮ ಚಿತ್ರದುರ್ಗದಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ಆದರೆ ವಿಮಾನ ಹಿಡಿಯಲು ಹೊರಟವರೂ ವಿಮಾನದಿಂದ ಇಳಿದು ಊರಿಗೆ ಮರಳುವವರೂ ಇಲ್ಲಿಯ ಬಸ್ ನಿಲ್ದಾಣದಲ್ಲಿ ಪ್ರತಿದಿನ ಕಾಣಸಿಗುತ್ತಾರೆ. ಬೆಂಗಳೂರು ಮತ್ತು ಹುಬ್ಬಳ್ಳಿ ಎರಡಕ್ಕೂ ನಮ್ಮೂರು ಸುಮಾರು 200 ಕಿಲೋಮೀಟರ್ ದೂರದಲ್ಲಿದ್ದು, ಪುಣೆಯ ಕಡೆಗೆ ಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯೂ ಹೊಸಪೇಟೆಯ ಕಡೆಗೆ ಹೋಗುವ 50ನೆಯ ಹೆದ್ದಾರಿಯೂ ಇಲ್ಲಿಯೇ ಸೇರುವುದರಿಂದ, ಬಸ್ಸು ಬದಲಿಸುವವರು ಮೂರು ನಾಲ್ಕು ಗಂಟೆ ಇಲ್ಲಿ ಕಾಯುವುದು ಸಾಮಾನ್ಯ. ಹಾಗೆ ಕಾಯುತ್ತಿರುವವರಿಗಾಗಿ, ಮತ್ತು ಹಾಗೆ ಸಿಕ್ಕಿಕೊಂಡ ನೆಂಟರನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ತಿಳಿಯದ ಊರಿನವರಿಗಾಗಿ ನಾನು ಇಂದು ಮಾತನಾಡುತ್ತಿದ್ದೇನೆ.

ನಾನು ಹೇಳಬೇಕಾದದ್ದು ಒಂದೇ ಮಾತು. ನಾಲ್ಕು ಗಂಟೆಯಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ. ಒಂದನ್ನು ಹಿಡಿಯಿರಿ, ಅದನ್ನೇ ಕೊನೆಯವರೆಗೆ ನೋಡಿ. ಚಿತ್ರದುರ್ಗದಲ್ಲಿ ಆ ಒಂದು ಯಾವುದೆಂದು ಕೇಳಿದರೆ, ನೀರು ಎನ್ನುತ್ತೇನೆ.

ಕಲ್ಲಿನ ಕೋಟೆ ನೋಡಲು ಬಂದವರಿಗೆ ನೀರು ತೋರಿಸುವುದೇಕೆ ಎಂದು ನಿಮಗೆ ಅನ್ನಿಸಬಹುದು. ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ಹೇಳಿದರೆ ಕಾರಣ ತಿಳಿಯುತ್ತದೆ.

ಅದು ಹಸ್ತ ಮಳೆಯ ಕಾಲ. ಹಿಂದಿನ ರಾತ್ರಿಯೆಲ್ಲ ಚೆನ್ನಾಗಿ ಸುರಿದಿತ್ತು. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಪತ್ರಿಕೆ ಕೊಳ್ಳುತ್ತಿದ್ದಾಗ, ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಹೆಗಲ ಮೇಲೆ ಟವೆಲು, ಕೈಯಲ್ಲಿ ಒಂದು ಚೀಲ ಹಿಡಿದು, ಹೊಸಪೇಟೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದರು. ಶಿರಾ ಕಡೆಯವರು, ಮಗಳ ಮನೆಗೆ ಹೊರಟವರು. ಅವರು ಹತ್ತಬೇಕಾಗಿದ್ದ ಬಸ್ಸು ಆಗಲೇ ಹೋಗಿತ್ತು. ಅಳಿಯ ಗುರುತು ಹಾಕಿಕೊಟ್ಟಿದ್ದ ಮುಂದಿನ ಬಸ್ಸು ಮಧ್ಯಾಹ್ನಕ್ಕೆ ಇತ್ತು. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನಿಗೆ ಸುಮ್ಮನಿರಲಾಗಲಿಲ್ಲ. "ಬನ್ನಿ ಯಜಮಾನರೇ, ಕೋಟೆ ತೋರಿಸುತ್ತೇನೆ" ಎಂದು ಆಟೋ ಹತ್ತಿಸಿಕೊಂಡು ಹೊರಟೆ.

ಬಾಗಿಲು ದಾಟಿದೊಡನೆ ನನ್ನ ವಿವರಣೆ ಆರಂಭವಾಯಿತು. ಏಳು ಸುತ್ತಿನ ಕೋಟೆ, ಪಾಳೆಯಗಾರರ ವಂಶಾವಳಿ, ಮದ್ದು ಬೀಸುವ ಕಲ್ಲು, ತುಪ್ಪದ ಕೊಳ, ಏಕನಾಥೇಶ್ವರಿ, ಹಿಡಿಂಬೇಶ್ವರ. ಅವರು ಎಲ್ಲಕ್ಕೂ ತಲೆದೂಗಿದರೇ ಹೊರತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆದರೆ ಗೋಪಾಲಸ್ವಾಮಿ ಹೊಂಡದ ದಡಕ್ಕೆ ಬಂದಾಗ ನಿಂತುಬಿಟ್ಟರು. ಹೊಂಡ ತುಂಬಿತ್ತು. ಚೀಲವನ್ನು ಕೆಳಗಿಟ್ಟು, ದಡದುದ್ದಕ್ಕೂ ಕಣ್ಣು ಹಾಯಿಸಿ, "ಮೇಷ್ಟ್ರೇ, ಇದರ ಕೋಡಿ ಎಲ್ಲಿ?" ಎಂದರು.

ಅವರು ತಮ್ಮೂರಿನ ಕೆರೆಯ ನೀರುಗಂಟಿ ಎಂದು ಆಗ ತಿಳಿಯಿತು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರೆಂದು ನೋಡಿ ಬಿಡುವುದು, ಮಳೆಗಾಲದಲ್ಲಿ ಕೋಡಿ ಕಾಯುವುದು ಅವರ ಮನೆತನದ ಕೆಲಸ. ತುಂಬಿದ ನೀರನ್ನು ಕಂಡರೆ ಹೆಚ್ಚಾದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಅವರಿಗೆ ಉಸಿರಾಟದಷ್ಟೇ ಸಹಜ. ಅಷ್ಟು ವರ್ಷ ಆ ಹೊಂಡದ ದಡದಲ್ಲಿ ನಿಂತು ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದ ನಾನು ಅದನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ.

ನೀರು ಹೊರಬೀಳುವ ಜಾಗವನ್ನು ಅವರೇ ಹುಡುಕಿದರು. ಅದರ ಜಾಡು ಹಿಡಿದು ಕೆಳಗಿಳಿದಾಗ ಅಕ್ಕ-ತಂಗಿ ಹೊಂಡ ಸಿಕ್ಕಿತು. ಅವರು ಬಂಡೆಯ ಮೇಲೆ ಕುಳಿತು, ಸುತ್ತಲಿನ ಗುಡ್ಡಗಳನ್ನು ತೋರಿಸಿ ನನಗೆ ಪಾಠ ಹೇಳಿದರು. ಬಂಡೆ ನೀರು ಕುಡಿಯುವುದಿಲ್ಲ, ಬಿದ್ದ ಹನಿಯೆಲ್ಲ ಜಾರಿ ಬರುತ್ತದೆ. ಜಾರಿದ್ದನ್ನು ಮೇಲೊಂದು ಕಡೆ ನಿಲ್ಲಿಸಿ, ಅದು ತುಂಬಿದ ಮೇಲೆ ಕೆಳಗಿನದಕ್ಕೆ ಬಿಟ್ಟರೆ ಕೆಸರು ಮೇಲೆಯೇ ಉಳಿದು ತಿಳಿನೀರು ಮುಂದೆ ಹೋಗುತ್ತದೆ. ಮೇಲಿನ ನೀರು ಹೀಗೆಯೇ ಸಿಹಿನೀರು ಹೊಂಡಕ್ಕೂ, ಅಲ್ಲಿಂದ ಪೇಟೆಯ ಸಂತೆ ಹೊಂಡಕ್ಕೂ ಇಳಿಯುವಂತೆ ಕಟ್ಟಿದ್ದಾರೆ ಎಂದು ನಾನು ಓದಿದ್ದನ್ನು ಹೇಳಿದಾಗ, ಅವರು "ಕಟ್ಟಿದವನು ನಮ್ಮವನೇ" ಎಂದರು. ಮಧ್ಯಾಹ್ನದ ಬಸ್ಸು ತಪ್ಪಿಹೋಯಿತು. ಅವರಿಗೂ ನನಗೂ ಅದರ ಬಗ್ಗೆ ಬೇಸರವಾಗಲಿಲ್ಲ.

ಅಂದಿನಿಂದ ನಾನು ಬಂದವರಿಗೆ ನೀರಿನ ದಾರಿಯನ್ನಷ್ಟೇ ತೋರಿಸುತ್ತೇನೆ. ಅದೊಂದನ್ನು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. 1779ರಲ್ಲಿ ದುರ್ಗ ಹೈದರಾಲಿಯ ವಶವಾಗುವ ಮೊದಲು ಅವನ ಸೈನ್ಯ ಒಂದಕ್ಕಿಂತ ಹೆಚ್ಚು ಬಾರಿ ಮುತ್ತಿಗೆ ಹಾಕಿತ್ತು. ಬಯಲುಸೀಮೆಯ ಈ ಒಣ ಬೆಟ್ಟದ ಮೇಲೆ ಸಾವಿರಾರು ಜನ, ಆನೆ, ಕುದುರೆಗಳು ಬಾಯಾರದೆ ಉಳಿದದ್ದು ಹೇಗೆಂದು ಗೋಡೆ ನೋಡಿದರೆ ತಿಳಿಯುವುದಿಲ್ಲ, ಹೊಂಡ ನೋಡಿದರೆ ತಿಳಿಯುತ್ತದೆ. ಒನಕೆ ಓಬವ್ವನ ಕಥೆಯನ್ನೇ ತೆಗೆದುಕೊಳ್ಳಿ. ಊಟಕ್ಕೆ ಕುಳಿತ ಗಂಡನಿಗೆ ನೀರು ತರಲು ಹೋದಾಗಲೇ ಅವಳಿಗೆ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳ ಸದ್ದು ಕೇಳಿಸಿದ್ದು.

ಇಷ್ಟು ಹೇಳಿದರೂ ಕೆಲವರು ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಬಾಗಿಲಿಗೊಂದು ಚಿತ್ರ, ಬುರುಜಿಗೊಂದು ಚಿತ್ರ ತೆಗೆಯುತ್ತಾ ಓಡುತ್ತಾರೆ. ಹೊಂಡದ ಬಳಿಗೆ ಬರುವಷ್ಟರಲ್ಲಿ ಸಮಯವಾಯಿತೆಂದು ತಿರುಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹದಿನೈದು ನಿಮಿಷವಾದರೂ ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಕುಳಿತುಕೊಳ್ಳಿ.

ನನಗೆ ಕೊಟ್ಟಿರುವ ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. ಅದು ಕೆರೆಯನ್ನು ಕುರಿತದ್ದು. ಬೆಟ್ಟ ಹತ್ತಲಾಗದವರು ಅಲ್ಲಿಗೆ ಹೋಗಿ, ಅದನ್ನಷ್ಟೇ ನೋಡಿ. ದಾವಣಗೆರೆಯಲ್ಲಿ ರೈಲಿಗೆ ಕಾಯುವವರು ಬೆಣ್ಣೆ ದೋಸೆ ತಿಂದು ಹರಿಹರಕ್ಕೆ ಹೋಗಿ 13ನೆಯ ಶತಮಾನದ ಹರಿಹರೇಶ್ವರ ದೇವಾಲಯವನ್ನು ನೋಡಿ ಬರಬಹುದು. ಅಲ್ಲಿಯೂ ಒಂದೇ ಸಾಕು. ಕೋಟೆಯಲ್ಲಿ ಮಂಗಗಳಿರುವುದರಿಂದ ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿಯಬೇಡಿ. ಬೇಸಿಗೆಯಲ್ಲಿ ಬಂಡೆ ಕಾಯುವ ಮೊದಲೇ, ಬೆಳಿಗ್ಗೆ ಹತ್ತಿಬಿಡಿ. ಮೇಲಿನ ಹೊಂಡಗಳವರೆಗೆ ನಿಧಾನವಾಗಿ ಹೋಗಿ ಬರಲು ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಇಳಿದ ಮೇಲೆ ನೇರವಾಗಿ ಬಸ್ ನಿಲ್ದಾಣಕ್ಕೆ ಹೋಗದೆ, ಸಂತೆ ಹೊಂಡಕ್ಕೆ ಬಿಡುವಂತೆ ಆಟೋದವರಿಗೆ ಹೇಳಿ. ಮೆಟ್ಟಿಲ ಮೇಲೆ ನಿಂತು ಒಮ್ಮೆ ಬೆಟ್ಟದ ಕಡೆಗೆ ತಿರುಗಿ ನೋಡಿ. ಬೆಳಿಗ್ಗೆ ನೀವು ಕುಳಿತಿದ್ದ ದಡ ಆ ಬಂಡೆಗಳ ಹಿಂದೆ, ಮೇಲಿದೆ.

ನಮಸ್ಕಾರ.