ಬಾರ್ ಮೇಲೆ ತೂಕ ಏರಬೇಕಾದರೆ ಹೊಟ್ಟೆ ತುಂಬಬೇಕು

ನಮಸ್ಕಾರ ಎಲ್ಲರಿಗೂ. ಸುತ್ತಿ ಬಳಸದೆ ವಿಷಯಕ್ಕೆ ಬಂದುಬಿಡುತ್ತೇನೆ. ವೇಟ್ ಟ್ರೇನಿಂಗ್ ಶುರು ಮಾಡಿ ನಾಲ್ಕೈದು ತಿಂಗಳಾದ ಮೇಲೆ ‘ಪ್ರೋಗ್ರೆಸ್ ನಿಂತುಹೋಗಿದೆ, ಯಾವ ಎಕ್ಸರ್‌ಸೈಜ್ ಬದಲಾಯಿಸಲಿ’ ಅಂತ ಕೇಳುವವರು ತುಂಬಾ ಜನ. ಅವರಲ್ಲಿ ಎಷ್ಟೋ ಮಂದಿಯ ತೊಂದರೆ ಎಕ್ಸರ್‌ಸೈಜ್‌ನಲ್ಲಿ ಇರುವುದೇ ಇಲ್ಲ. ತಟ್ಟೆಯಲ್ಲಿರುತ್ತದೆ. ಜಾಸ್ತಿ ತಿಂದು ಕೆಟ್ಟವರಲ್ಲ ಇವರು, ತೀರಾ ಕಡಿಮೆ ತಿನ್ನುವವರು. ನನಗೆ ಇವರನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ, ಯಾಕೆಂದರೆ ಇವರು ಸೋಮಾರಿಗಳಲ್ಲ. ಕತ್ತಲಿರುವಾಗಲೇ ಎದ್ದು ಬರುತ್ತಾರೆ, ಒಂದು ಸೆಟ್ಟೂ ತಪ್ಪಿಸುವುದಿಲ್ಲ, ಬೆವರು ಸುರಿಸಿ ದುಡಿಯುತ್ತಾರೆ. ಊಟಕ್ಕೆ ಕೂತಾಗ ಮಾತ್ರ ಹೆದರುತ್ತಾರೆ.

ಇದು ಹೇಗೆ ಶುರುವಾಗುತ್ತದೆ ನೋಡಿ. ಮೊದಲ ಕೆಲವು ವಾರ ಎಲ್ಲರಿಗೂ ಹಬ್ಬ. ಹೋದ ವಾರ ಅಲುಗಾಡದ ತೂಕ ಈ ವಾರ ಸಲೀಸಾಗಿ ಮೇಲೆ ಹೋಗುತ್ತದೆ. ಆದರೆ ಸ್ನಾಯು ಅಷ್ಟು ಬೇಗ ಬೆಳೆದಿರುವುದಿಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳುವುದನ್ನು ಮಿದುಳು ಮತ್ತು ನರಗಳು ಕಲಿತಿರುತ್ತವೆ, ಅಷ್ಟೇ. ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಇದನ್ನು 1979ರಲ್ಲೇ ತೋರಿಸಿದ್ದಾರೆ. ಶುರುವಿನ ವಾರಗಳಲ್ಲಿ ಕೂಡುವ ಬಲದಲ್ಲಿ ದೊಡ್ಡ ಪಾಲು ನರಗಳದ್ದು, ಸ್ನಾಯು ದಪ್ಪಗಾಗಿ ಬರುವ ಬಲ ಆಮೇಲಿನದ್ದು. ನರಗಳು ಕಲಿಯುವುದಕ್ಕೆ ಜಾಸ್ತಿ ಊಟ ಬೇಕಿಲ್ಲ. ಹಾಗಾಗಿ ಅರೆಹೊಟ್ಟೆಯಲ್ಲಿದ್ದರೂ ಮೊದಮೊದಲು ಎತ್ತುವ ತೂಕದ ನಂಬರ್ ಏರುತ್ತಲೇ ಇರುತ್ತದೆ, ಕಡಿಮೆ ತಿಂದರೂ ನಡೆಯುತ್ತದೆ ಅನ್ನಿಸಿಬಿಡುತ್ತದೆ. ಆಮೇಲೆ ಹೊಸ ಸ್ನಾಯು ಕಟ್ಟುವ ಸರದಿ ಬರುತ್ತದೆ. ಗಾರೆ ಕೆಲಸದವರನ್ನು ಬೆಳಗ್ಗೆಯೇ ಕರೆಸಿ, ಇಟ್ಟಿಗೆ ಸಿಮೆಂಟು ತರಿಸದೇ ಇದ್ದರೆ ಗೋಡೆ ಏಳುತ್ತದಾ?

ಸರಿ, ನಂಬರ್ ನಿಂತಿತು. ಈಗ ಏನು ಮಾಡುತ್ತಾರೆ? ತೂಕದ ಮಷೀನ್ ಮೇಲೆ ಹತ್ತುತ್ತಾರೆ. ಅದು ಒಂದು ಕಿಲೋ ಜಾಸ್ತಿ ತೋರಿಸುತ್ತದೆ. ಗಾಬರಿ ಬಿದ್ದು ರಾತ್ರಿ ಊಟ ಬಿಡುತ್ತಾರೆ, ಅದರ ಮೇಲೆ ಒಂದು ಗಂಟೆ ಟ್ರೆಡ್‌ಮಿಲ್ ಸೇರಿಸುತ್ತಾರೆ, ಮುಂದಿನ ವಾರ ಸ್ಕ್ವಾಟ್‌ನಲ್ಲಿ (ಭುಜದ ಮೇಲೆ ಬಾರ್ ಇಟ್ಟು ಕೂತು ಏಳುವ ವ್ಯಾಯಾಮ) ಎತ್ತುವ ತೂಕ ಇನ್ನೂ ಕೆಳಗಿಳಿಯುತ್ತದೆ, ಆಗ ಈ ಪ್ರೋಗ್ರಾಮೇ ಸರಿಯಿಲ್ಲ ಅಂತ ಅದನ್ನೂ ಬದಲಾಯಿಸಿಬಿಡುತ್ತಾರೆ. ಆ ಒಂದು ಕಿಲೋ ಏನು ಗೊತ್ತಾ? ಬಹಳ ಸಲ ಬರೀ ನೀರು. ನಾವು ತಿಂದ ಕಾರ್ಬ್ (ಅನ್ನ, ರೊಟ್ಟಿಯಲ್ಲಿರುವ ಪಿಷ್ಟ, ಸಕ್ಕರೆ) ಸ್ನಾಯುವಿನಲ್ಲಿ ಗ್ಲೈಕೋಜನ್ ಆಗಿ ಕೂಡಿಕೊಳ್ಳುತ್ತದೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಉಪ್ಪು ಜಾಸ್ತಿಯಾದರೂ ತೂಕ ಏರುತ್ತದೆ, ಹೊಟ್ಟೆ ಸರಿಯಾಗಿ ಖಾಲಿಯಾಗದಿದ್ದರೂ ಏರುತ್ತದೆ. ಸೆಟ್ ಮಾಡುವಾಗ ನಿಮಗೆ ಶಕ್ತಿ ಕೊಡುವುದೂ ಅದೇ ಗ್ಲೈಕೋಜನ್. ಅದನ್ನು ಖಾಲಿ ಮಾಡಿಕೊಂಡು ತೂಕ ಇಳಿಯಿತು ಅಂತ ಖುಷಿಪಡುವುದರಲ್ಲಿ ಅರ್ಥವಿಲ್ಲ.

ನನ್ನ ಮಾತು ಇಷ್ಟೇ. ಪ್ರೋಗ್ರಾಮ್ ಮುಟ್ಟುವ ಮೊದಲು ಒಂದು ನೋಟ್‌ಬುಕ್ ಇಡಿ. ಮೊಬೈಲ್‌ನಲ್ಲಾದರೂ ಸರಿ, ನನಗೆ ಪೆನ್ನು ಕಾಗದವೇ ಇಷ್ಟ. ನನ್ನ ಪರಿಚಯದ ಒಬ್ಬರ ನೋಟ್‌ಬುಕ್ಕಿನ ಒಂದು ಪುಟ ಹೇಳುತ್ತೇನೆ, ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಸೋಮವಾರ: ಸ್ಕ್ವಾಟ್ 60 ಕಿಲೋ, ಮೂರು ಸೆಟ್, 8, 8, 7 ರೆಪ್ಸ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್, ಬಿಡುವಿಲ್ಲದೆ ಮಾಡುವ ರೆಪ್ಸ್‌ನ ಒಂದು ಸುತ್ತು ಒಂದು ಸೆಟ್). ಗುರುವಾರ: ಅದೇ 60 ಕಿಲೋ, 8, 6, 5. ನೋಡಿದವರಿಗೆ ಬಲ ಕುಗ್ಗಿದ ಹಾಗೇ ಕಾಣುತ್ತದೆ. ಆದರೆ ಗುರುವಾರದ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು. ಹಿಂದಿನ ರಾತ್ರಿ ಬರೀ ಸೌತೆಕಾಯಿ, ಟೊಮೆಟೊ. ಬೆಳಗ್ಗೆ ಕಾಫಿ. ನಿದ್ದೆ ಐದು ಗಂಟೆ. ಇನ್ನೇನು ಹೇಳಬೇಕು? ಕಾಲಿಗೆ ಏನೂ ಆಗಿರಲಿಲ್ಲ, ಮೈಗೆ ಕೂಳಿರಲಿಲ್ಲ. ಈ ಎರಡನೇ ಸಾಲನ್ನು ಯಾರೂ ಬರೆಯುವುದಿಲ್ಲ, ಅದೇ ಬೇಜಾರು. ಕಿಲೋ, ರೆಪ್ಸ್ ಬರೆಯುತ್ತಾರೆ, ಊಟ ನಿದ್ದೆ ಬರೆಯುವುದಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರೋಗ್ರೆಸ್ ನಿಂತಿದೆ ಅನ್ನುವವರಲ್ಲಿ ಕೆಲವರದು ನಿಜವಾಗಿ ನಿಂತಿರುವುದೇ ಇಲ್ಲ. ಖಾಲಿ ಬಾರ್, ಅಂದರೆ ಪ್ಲೇಟ್ ಹಾಕದ ಕಬ್ಬಿಣದ ಸರಳು, ಸಾಮಾನ್ಯವಾಗಿ 20 ಕಿಲೋ. ಹೆಚ್ಚಿನ ಜಿಮ್‌ಗಳಲ್ಲಿ ಸಿಗುವ ಚಿಕ್ಕ ಪ್ಲೇಟ್ 1.25 ಕಿಲೋದ್ದು. ಎರಡೂ ಕಡೆ ಹಾಕಿದರೆ 2.5. ನೂರು ಕಿಲೋ ಸ್ಕ್ವಾಟ್ ಮಾಡುವವರಿಗೆ ಇದು ಶೇಕಡಾ ಎರಡೂವರೆ ಏರಿಕೆ. ಖಾಲಿ ಬಾರ್‌ನಲ್ಲಿ ಶೋಲ್ಡರ್ ಪ್ರೆಸ್ (ಬಾರನ್ನು ಭುಜದಿಂದ ತಲೆಯ ಮೇಲಕ್ಕೆ ಎತ್ತುವುದು) ಮಾಡುವವರಿಗೆ ಅದೇ ಪ್ಲೇಟು ಶೇಕಡಾ ಹನ್ನೆರಡೂವರೆ! ಭುಜದ ಸ್ನಾಯು ಚಿಕ್ಕದು, ಅಷ್ಟು ದೊಡ್ಡ ಹೆಜ್ಜೆ ಒಂದೇ ಸಲ ಇಡುವುದಕ್ಕೆ ಆಗುವುದಿಲ್ಲ. ತೂಕ ಹಾಗೇ ಇರಲಿ, ರೆಪ್ಸ್ ಏರಿಸಿ. ಎಂಟು ಆಗುತ್ತಿದ್ದದ್ದು ಒಂಬತ್ತಾಗಲಿ, ಹತ್ತಾಗಲಿ, ಮೂರೂ ಸೆಟ್‌ನಲ್ಲಿ ಹನ್ನೆರಡು ಬಂದ ಮೇಲೆ ಪ್ಲೇಟ್ ಹಾಕಿ. ಎಂಟರಿಂದ ಒಂಬತ್ತಕ್ಕೆ ಹೋದದ್ದೂ ಪ್ರೋಗ್ರೆಸ್ಸೇ ಅಲ್ವಾ? ಬರೆದಿಡದೇ ಇದ್ದರೆ ಅದು ಗೊತ್ತಾಗುವುದೂ ಇಲ್ಲ. ಸ್ವಲ್ಪ ಸ್ವಲ್ಪವೇ ಭಾರ ಏರಿಸುವ ಈ ಪದ್ಧತಿಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲೋರ್ಮ್ ಗಾಯಗೊಂಡ ಸೈನಿಕರ ಮೇಲೆ ಮಾಡಿ ನೋಡಿ, 1945ರಲ್ಲಿ ಬರೆದು ಪ್ರಕಟಿಸಿದರು. ಪೆಟ್ಟಾದ ಕಾಲಿಗೆ ಹಗುರ ತೂಕ ಸಾಕು ಅಂತಿದ್ದ ಕಾಲ ಅದು.

ಈಗ ಊಟ. ಪ್ರೋಟೀನ್ ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತಾರೆ. 2018ರಲ್ಲಿ 49 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯಲ್ಲಿ ಬಂದ ಉತ್ತರ: ವೇಟ್ ಟ್ರೇನಿಂಗ್ ಮಾಡುವವರಿಗೆ ದಿನಕ್ಕೆ ಮೈತೂಕದ ಒಂದು ಕಿಲೋಗೆ ಸುಮಾರು 1.6 ಗ್ರಾಂ. ಅದಕ್ಕಿಂತ ಮೇಲೆ ಹೋದರೆ ಸರಾಸರಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. 60 ಕಿಲೋ ಇರುವವರಿಗೆ 96 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಇರುತ್ತದೆ. ಬೆಳಗ್ಗೆ ಒಂದು ಮೊಟ್ಟೆ ತಿಂದು ನನ್ನ ಪ್ರೋಟೀನ್ ಆಯಿತು ಅಂದುಕೊಂಡವರು ಈ ಲೆಕ್ಕ ಒಂದು ಸಲ ಹಾಕಿ ನೋಡಲೇಬೇಕು. ಮೊಟ್ಟೆ, ಹಾಲು, ಮೊಸರು, ಬೇಳೆಕಾಳು, ಸೋಯಾ, ಮೀನು, ಮಾಂಸ, ನಿಮಗೆ ಒಗ್ಗುವುದು ಯಾವುದೋ ಅದು. ಎಲ್ಲವನ್ನೂ ರಾತ್ರಿಗೆ ಇಟ್ಟುಕೊಳ್ಳದೆ ಮೂರು ನಾಲ್ಕು ಹೊತ್ತಿಗೆ ಹಂಚಿಕೊಂಡರೆ ತಿನ್ನುವುದೂ ಸುಲಭ. ಪೌಡರ್ ಬೇಕೇ ಬೇಕು ಅಂತೇನಿಲ್ಲ, ಊಟದಲ್ಲಿ ಸಾಲದಿದ್ದರೆ ತೆಗೆದುಕೊಳ್ಳಿ.

ಆದರೆ ಪ್ರೋಟೀನ್ ಒಂದೇ ಹಿಡಿದುಕೊಂಡು ಕಾರ್ಬ್ ಅಂದರೆ ವಿಷ, ಎಣ್ಣೆ ಅಂದರೆ ವಿಷ ಅಂತ ಕೂತರೆ ಆಗುವುದಿಲ್ಲ. ಒಟ್ಟು ಊಟ ಸಾಲದಿದ್ದರೆ ತಿಂದ ಪ್ರೋಟೀನನ್ನೂ ದೇಹ ಉರುವಲಾಗಿ ಬಳಸಿಕೊಳ್ಳುತ್ತದೆ. ಎಚ್ಚರ ಬೇಕಾದದ್ದು ಬೇರೆ ಕಡೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಅವರ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಅತಿಯಾಗಿ ಸಂಸ್ಕರಿಸಿದ, ಪ್ಯಾಕೆಟ್ ಬಗೆಯ ಆಹಾರ, ಎರಡು ವಾರ ಮಾಮೂಲಿ ಅಡುಗೆ ಕೊಟ್ಟು, ಬೇಕಾದಷ್ಟು ತಿನ್ನಿ ಅಂದರು. ಎರಡರಲ್ಲೂ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಹೊಂದುವ ಹಾಗಿತ್ತು. ಆದರೂ ಪ್ಯಾಕೆಟ್ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಅಂದರೆ ಮನಸ್ಸು ಗಟ್ಟಿ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ತಟ್ಟೆಯಲ್ಲಿ ಏನಿದೆ ಅನ್ನುವುದು ಮುಖ್ಯ. ಸೋಮವಾರದಿಂದ ಶುಕ್ರವಾರದವರೆಗೆ ಹಸಿದಿದ್ದು, ಶನಿವಾರ ರಾತ್ರಿ ಪ್ಯಾಕೆಟ್ ಮೇಲೆ ಪ್ಯಾಕೆಟ್ ಖಾಲಿ ಮಾಡಿ, ಭಾನುವಾರ ಅಳುವವರಿಗೆ ನಾನು ಹೇಳುವುದು ಇದೇ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಬುಧವಾರ ಹೊಟ್ಟೆ ತುಂಬ ಊಟ ಮಾಡಿದ್ದರೆ ಶನಿವಾರ ಹಾಗಾಗುತ್ತಿರಲಿಲ್ಲ.

ಕೊಬ್ಬು ಕರಗಿಸಲೇಬೇಕಾದವರು ಇದ್ದಾರೆ, ಅವರಿಗೆ ಬೇಡ ಅನ್ನುತ್ತಿಲ್ಲ. ಸ್ವಲ್ಪ ಕಡಿಮೆ ಮಾಡಿ, ನಿಧಾನಕ್ಕೆ ಮಾಡಿ, ತೂಕ ಎತ್ತುವುದನ್ನೂ ಪ್ರೋಟೀನನ್ನೂ ಬಿಡಬೇಡಿ. ನಿದ್ದೆಯನ್ನಂತೂ ಬಿಡಲೇಬೇಡಿ. 2010ರ ಒಂದು ಅಧ್ಯಯನದಲ್ಲಿ ಡಯಟ್‌ನಲ್ಲಿದ್ದ ಹತ್ತು ಜನರಿಗೆ ಒಮ್ಮೆ ರಾತ್ರಿ ಎಂಟೂವರೆ ಗಂಟೆ, ಇನ್ನೊಮ್ಮೆ ಐದೂವರೆ ಗಂಟೆ ಮಲಗಲು ಬಿಟ್ಟರು. ಮಷೀನ್ ಮೇಲೆ ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೆ ನಿದ್ದೆಗೆಟ್ಟಾಗ ಕರಗಿದ ಕೊಬ್ಬು ಶೇಕಡಾ 55ರಷ್ಟು ಕಡಿಮೆ, ಬದಲಿಗೆ ಕಳೆದುಕೊಂಡದ್ದು ಸ್ನಾಯುವಿನಂಥ ಕೊಬ್ಬಲ್ಲದ ಭಾಗವನ್ನು. ಅದಕ್ಕೇ ಹೇಳುವುದು, ಆ ಮಷೀನ್ ಒಂದನ್ನೇ ನಂಬಬೇಡಿ.

‘ನನಗೆ ವಯಸ್ಸಾಯಿತು, ಇನ್ನೇನು ಬಲ ಕೂಡುತ್ತದೆ’ ಅನ್ನುವವರಿಗೆ ಒಂದು ಮಾತು. 1990ರಲ್ಲಿ ಪ್ರಕಟವಾದ ಅಧ್ಯಯನ, ವೃದ್ಧಾಶ್ರಮದಲ್ಲಿದ್ದ ಹತ್ತು ಜನ, ಸರಾಸರಿ ವಯಸ್ಸು 90. ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ. ಕೊನೆವರೆಗೂ ಮಾಡಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇಕಡಾ 174 ಹೆಚ್ಚಾಯಿತು. ನಲವತ್ತಕ್ಕೇ ಕೈ ಚೆಲ್ಲಬೇಡಿ.

ಕೊನೆಯದಾಗಿ ಹುಡುಗಿಯರಿಗೆ, ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ. ಕಷ್ಟಪಟ್ಟು ಟ್ರೇನಿಂಗ್ ಮಾಡಿ, ಕಡಿಮೆ ತಿಂದು, ಮುಟ್ಟು ನಿಂತುಹೋದರೆ ‘ಸ್ಪೋರ್ಟ್ಸ್ ಮಾಡುವವರಿಗೆ ಇದೆಲ್ಲ ಮಾಮೂಲು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೆ ರೆಡ್-ಎಸ್ (RED-S, ದುಡಿಮೆಗೆ ತಕ್ಕಷ್ಟು ಶಕ್ತಿ ಊಟದಿಂದ ಸಿಗದೆ ಕ್ರೀಡಾಪಟುಗಳಿಗೆ ಆಗುವ ತೊಂದರೆ) ಅಂತ ಹೆಸರಿಟ್ಟು ಎಚ್ಚರಿಸಿದೆ. ದೇಹಕ್ಕೆ ಬೇಕಾದಷ್ಟು ಊಟ ಸಿಗದಿದ್ದಾಗ ಅದು ಹಾರ್ಮೋನ್ ಕಡೆಯ ಖರ್ಚು ಕಡಿಮೆ ಮಾಡುತ್ತದೆ, ಮೂಳೆ ಸವೆಯುತ್ತದೆ, ಸಣ್ಣ ಪೆಟ್ಟಿಗೂ ಮೂಳೆ ಬಿರುಕು ಬಿಡಬಹುದು. ಇದು ಗಂಡುಮಕ್ಕಳಿಗೂ ಆಗುತ್ತದೆ, ಆದರೆ ಅವರಲ್ಲಿ ಇಷ್ಟು ಕಣ್ಣಿಗೆ ಕಾಣುವ ಗುರುತು ಇರುವುದಿಲ್ಲ, ಸದಾ ಸುಸ್ತು, ಪದೇ ಪದೇ ಗಾಯ, ಸುಮ್ನೆ ಸಿಡುಕುವುದು, ಇಂಥದ್ದೇ ಸುಳಿವು. ಮೂರು ತಿಂಗಳು ಮುಟ್ಟಾಗಿಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ, ಊಟದ ಸಾಲು ಅವರಿಗೆ ಉಪಯೋಗಕ್ಕೆ ಬರುತ್ತದೆ.